ಸಿಡಿಲಕ್ಕನ ಅಳತೆ

ವೈದ್ಯರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು ಎಂದು ದೊಡ್ಡವರು ಹೇಳಿದ್ದಾರೆ. ದರ್ಜಿಯನ್ನು ಈ ಪಟ್ಟಿಗೆ ಸೇರಿಸದೆ ಬಿಟ್ಟಿದ್ದು ದೊಡ್ಡವರ ತಪ್ಪು. ಗಿರಾಕಿ ಹೊಟ್ಟೆಯನ್ನು ಎಷ್ಟೇ ಒಳಗೆಳೆದುಕೊಂಡು ನಿಂತರೂ ಟೇಪು ಇದ್ದದ್ದನ್ನು ಇದ್ದಂತೆ ಹೇಳಿಬಿಡುತ್ತದೆ. ಆದರೆ ದರ್ಜಿಯೇ ಬಾಯಿ ತಪ್ಪಿ ಒಂದು ಜಂಬದ ಮಾತಾಡಿದರೆ ಏನು ಗತಿ ಎಂಬುದನ್ನು ಯಾರೂ ಹೇಳಿಹೋಗಿಲ್ಲ. ಅದನ್ನು ನಮ್ಮ ಕಥಾನಾಯಕನೇ ಕಂಡುಹಿಡಿಯಬೇಕಾಯಿತು.

ಬೀದಿಯವರು ಅವನಿಗಿಟ್ಟ ಹೆಸರು 'ಯೂನಿಫಾರಂ'. ಎರಡು ಶಾಲೆ, ಒಂದು ಆಸ್ಪತ್ರೆ, ಒಂದು ಕಾವಲುಗಾರರ ಕಂಪನಿ, ಇಷ್ಟಕ್ಕೆ ಮೂವತ್ತು ವರ್ಷದಿಂದ ಸಮವಸ್ತ್ರ ಹೊಲಿದು ಹೊಲಿದು ಅವನಿಗೆ ಪ್ರಪಂಚವೇ ನಾಲ್ಕು ಬಣ್ಣದಲ್ಲಿ ಕಾಣುತ್ತಿತ್ತು. ವಯಸ್ಸು ಐವತ್ತೆರಡು. ಕುತ್ತಿಗೆಯಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲು, ತಲೆಯಲ್ಲಿ ಏನಿತ್ತೋ ಯಾರಿಗೂ ಗೊತ್ತಿರಲಿಲ್ಲ.

ಅವನ ಹೆಂಡತಿ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ಮೈಕಿನಲ್ಲಿ ಬಸ್ಸುಗಳನ್ನು ಕೂಗುವವಳು. ಅವಳ ಧ್ವನಿ ಊರಿಗೆಲ್ಲ ಗೊತ್ತು, ಮುಖ ಹತ್ತು ಜನಕ್ಕೂ ಗೊತ್ತಿಲ್ಲ. ನಿಲ್ದಾಣ ಅಂಗಡಿಯಿಂದ ಎರಡು ಬೀದಿ ಆಚೆ. ಗಾಳಿ ಇತ್ತ ಬೀಸಿದಾಗ "ಪ್ರಯಾಣಿಕರ ಗಮನಕ್ಕೆ" ಎಂದು ಅವಳು ಅಂದರೆ, ಇವನು ಹೊಲಿಗೆ ಯಂತ್ರದಿಂದ ತಲೆಯೆತ್ತದೆ "ಹೂಂ" ಅನ್ನುತ್ತಿದ್ದ. ಅವರ ಸಂಸಾರದ ಮಾತುಕತೆ ಬಹುಪಾಲು ಹೀಗೇ ನಡೆಯುತ್ತಿತ್ತು.

ಯೂನಿಫಾರಂಗೆ ಒಂದು ಗುಟ್ಟಿತ್ತು. ಕಾವಲುಗಾರರ ಖಾಕಿ ಬಟ್ಟೆ ತುಂಬಿದ ಪೆಟ್ಟಿಗೆಯ ತಳದಲ್ಲಿ, ಖಾಕಿಯ ಕಾವಲಿನಲ್ಲೇ, 'ಸಿಡಿಲಕ್ಕ' ಎಂಬ ಚಿತ್ರಕಥೆಯ ಮೂವತ್ತೊಂದು ವರ್ಷದ ಸಂಚಿಕೆಗಳಿದ್ದವು.

ಸಿಡಿಲಕ್ಕನನ್ನು ಓದದ ದುರದೃಷ್ಟವಂತರಿಗಾಗಿ ಒಂದೆರಡು ಮಾತು. ಮೊದಲ ವರ್ಷ ಅವಳು ಸಿಡಿಲಕ್ಕನೇ ಆಗಿರಲಿಲ್ಲ, 'ಸಿಡಿಲಣ್ಣ' ಎಂಬ ವೀರನ ತಂಗಿಯಾಗಿದ್ದಳು. ಅಣ್ಣ ಹಾರಲು ಹೊರಟಾಗ ಅವನ ಕೋಟು ಹಿಡಿದುಕೊಂಡು ನಿಲ್ಲುವುದು, ಅವನು ಮರಳುವವರೆಗೆ ಕಿಟಕಿಯಲ್ಲಿ ಕಾಯುವುದು, ಆಗಾಗ ಕಳ್ಳರ ಕೈಗೆ ಸಿಕ್ಕಿ ಕಿರಿಚುವುದು ಅವಳ ಉದ್ಯೋಗ. ಒಂದು ದಿನ ಅಣ್ಣನಿಗೆ ನೆಗಡಿಯಾಗಿ ಅವಳೇ ಹಾರಬೇಕಾಯಿತು. ಹಾರಿದವಳು ಮತ್ತೆ ಇಳಿಯಲಿಲ್ಲ. ಪತ್ರಿಕೆಯ ಹೆಸರೇ ಬದಲಾಯಿತು. ಆಮೇಲೆ ಚಿತ್ರಕಾರರು ಬದಲಾದರು. ಅವಳ ಶಕ್ತಿ ವರ್ಷದಿಂದ ವರ್ಷಕ್ಕೆ ಏರಿತು, ಬಟ್ಟೆ ವರ್ಷದಿಂದ ವರ್ಷಕ್ಕೆ ಇಳಿಯಿತು. ಒಂದೇ ಕೈಯಲ್ಲಿ ಬೆಟ್ಟ ಎತ್ತಿದ ವರ್ಷ ಅವಳ ಇಡೀ ಉಡುಪನ್ನು ಎರಡು ಕರವಸ್ತ್ರದಲ್ಲಿ ಕತ್ತರಿಸಬಹುದಿತ್ತು.

ಬೇರೆ ಓದುಗರು ಆ ಚಿತ್ರಗಳನ್ನು ಯಾವ ಕಣ್ಣಿನಿಂದ ನೋಡಿದರೋ, ಇವನು ಮಾತ್ರ ದರ್ಜಿಯ ಕಣ್ಣಿನಿಂದ ನೋಡಿ ಕೊರಗಿದ. ಗುಂಡಿಯಿಲ್ಲ, ಕೊಕ್ಕೆಯಿಲ್ಲ, ಜಿಪ್ಪಿಲ್ಲ. ಇದರೊಳಗೆ ಅವಳು ಹೋಗುವುದು ಹೇಗೆ, ಹೋದವಳು ಹೊರಬರುವುದು ಹೇಗೆ? ಈಚೆಗೆ ಏಳೆಂಟು ವರ್ಷದಿಂದ ಹೆಣ್ಣುಮಕ್ಕಳೇ ಚಿತ್ರ ಬರೆಯತೊಡಗಿದ ಮೇಲೆ ಅವಳಿಗೆ ಪ್ಯಾಂಟು ಬಂತು, ಕಾಲರ್ ಬಂತು, ದಪ್ಪ ಬೂಟು ಬಂತು, ಊಟ ಮಾಡುವವಳ ಸೊಂಟ ಬಂತು. ಎರಡು ಜೇಬು ಬಂದ ದಿನ ಅವನು ಅಂಗಡಿಗೆ ಅರ್ಧ ದಿನ ರಜೆ ಹಾಕಿದ.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಪ್ರತಿ ವರ್ಷ ಅವಳ ಅಳತೆ ತೆಗೆಯುತ್ತಿದ್ದ. ಚಿತ್ರದಲ್ಲಿ ಅವಳು ಬಾಗಿಲ ಪಕ್ಕ ನಿಂತಿರುವ ಪುಟ ಹುಡುಕಿ ಸ್ಕೇಲು ಇಡುವುದು, ಬಾಗಿಲು ಏಳು ಅಡಿ ಎಂದು ಹಿಡಿದು ಭುಜ, ತೋಳು, ಸೊಂಟದ ಲೆಕ್ಕ ಹಾಕುವುದು. ಖಾಯಂ ಗಿರಾಕಿಗಳ ಅಳತೆ ಪುಸ್ತಕದಲ್ಲಿ ಮುಖ್ಯೋಪಾಧ್ಯಾಯರ ಪುಟ ಮತ್ತು ದೊಡ್ಡ ನರ್ಸಮ್ಮನ ಪುಟದ ನಡುವೆ ಅವಳಿಗೂ ಜಾಗ ಕೊಟ್ಟಿದ್ದ. ಹೆಸರು ಬರೆಯಲು ನಾಚಿಕೆಯಾಗಿ, ಮೇಲೆ 'ಅವಳು' ಎಂದಷ್ಟೇ ಬರೆದಿದ್ದ.

ಒಂದು ಸೋಮವಾರ ರಕ್ತ ಪರೀಕ್ಷೆಯ ಲ್ಯಾಬಿನ ಹುಡುಗಿ ಅಂಗಡಿಗೆ ಬಂದು ಒಂದು ಚಿತ್ರವನ್ನು ಮೇಜಿನ ಮೇಲಿಟ್ಟಳು.

"ಅಂಕಲ್, ಭಾನುವಾರ ಸಿಡಿಲಕ್ಕನ ಅಭಿಮಾನಿಗಳ ಸಭೆ ಇದೆ. ಎಲ್ರೂ ಒಂದೊಂದು ವರ್ಷದ ವೇಷದಲ್ಲಿ ಬರ್ತಾರೆ. ನಂಗೆ ಮೊದಲ್ನೇ ವರ್ಷದ್ದು ಹೊಲ್ಕೊಡ್ಬೇಕು."

"ಕೋಟು ಹಿಡ್ಕೊಂಡು ನಿಲ್ತಿದ್ಳಲ್ಲ, ಆ ವರ್ಷದ್ದಾ? ಅದ್ಯಾಕಮ್ಮ?" ಎಂದುಬಿಟ್ಟ ಯೂನಿಫಾರಂ.

ಹುಡುಗಿಯ ಕಣ್ಣು ಅಗಲವಾಯಿತು. "ಆ ವರ್ಷಾನೂ ಅವಳಿಗೆ ಶಕ್ತಿ ಇತ್ತು ಅಂಕಲ್. ಯಾರೂ ಕೇಳಿರ್ಲಿಲ್ಲ, ಅಷ್ಟೇ. ಅಲ್ಲ, ನಿಮಗೆ ಅವಳು ಗೊತ್ತಾ?"

ಮೂವತ್ತೊಂದು ವರ್ಷ ಬಾಯಿ ಹೊಲಿದುಕೊಂಡಿದ್ದವನಿಗೆ ಆ ಹೊತ್ತಿಗೆ ಹೊಲಿಗೆ ಬಿಟ್ಟುಕೊಂಡಿತು. "ಗೊತ್ತಾ ಅಂತೀಯಲ್ಲಮ್ಮ! ಮೂವತ್ತೊಂದು ವರ್ಷದಿಂದ ಅವಳ ಅಳತೆ ನನ್ನ ಹತ್ರ ಇದೆ. ಅವಳ ಭುಜ ಹೇಗಿದೆ ಅಂತ ನನಗೆ ಗೊತ್ತಿರೋಷ್ಟು ಈ ಊರಲ್ಲಿ ಇನ್ಯಾರಿಗೂ ಗೊತ್ತಿಲ್ಲ."

"ಅಷ್ಟು ಇಷ್ಟಾನಾ ಅಂಕಲ್ ಅವಳು?"

"ನನ್ನ ಮದುವೆಗಿಂತ ಐದು ವರ್ಷ ಹಳೇದು ತಾಯಿ ಈ ಪ್ರೀತಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹುಡುಗಿ ಅಳತೆ ಪುಸ್ತಕವನ್ನೂ ಪೆಟ್ಟಿಗೆಯ ತಳದ ಸಂಚಿಕೆಗಳನ್ನೂ ನೋಡಿ ಬೆರಗಾಗಿ, ಸಭೆಯಲ್ಲಿ ನೀವೇ ಮುಖ್ಯ ಭಾಷಣ ಮಾಡಬೇಕೆಂದು ಒಪ್ಪಿಸಿ ಹೋದಳು. ಆದರೆ ಅಂಗಡಿಗೂ ಪಕ್ಕದ ಇಸ್ತ್ರಿಯವನ ಗೂಡಿಗೂ ನಡುವೆ ಇದ್ದದ್ದು ಒಂದೇ ಹಲಗೆ. ಇಸ್ತ್ರಿಯವನು ಹುಡುಗಿಯ ಮೆಲುದನಿಯನ್ನು ಕೇಳಿಸಿಕೊಳ್ಳಲಿಲ್ಲ, ಯೂನಿಫಾರಂನ ಗಟ್ಟಿದನಿಯನ್ನು ಒಂದಕ್ಷರ ಬಿಡದೆ ಕೇಳಿಸಿಕೊಂಡ. ಆ ಭರದಲ್ಲಿ ಯಾರದೋ ಬಿಳಿ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು ಮೂಡಿತು.

ಇಸ್ತ್ರಿಯವನು ಒಳ್ಳೆಯವನೇ. ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡರೆ ಅವನಿಗೆ ಅಜೀರ್ಣವಾಗುತ್ತದೆ, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ಸುದ್ದಿಯಾಯಿತು. ಮೂರು ಗಂಟೆಗೆ ಅವನು ಯೂನಿಫಾರಂನ ಹೆಂಡತಿಯ ಅಣ್ಣನಿಗೆ ಫೋನು ಮಾಡಿದ. ಅಣ್ಣ ಒಂದು ಗಂಟೆ ದೂರದ ಊರಿನವರು, ಕೋರ್ಟಿನಲ್ಲಿ ಬೆರಳಚ್ಚುಗಾರರಾಗಿ ನಿವೃತ್ತರಾದವರು. ಕೋರ್ಟು ಅವರನ್ನು ಬಿಟ್ಟರೂ ಕೋರ್ಟಿನ ಭಾಷೆ ಬಿಟ್ಟಿರಲಿಲ್ಲ. ನಾಲ್ಕೂವರೆಗೆ ಅವರು ಅಂಗಡಿಯ ಮೇಜಿನ ಮೇಲಿದ್ದ ಪುಸ್ತಕವನ್ನು ವಶಪಡಿಸಿಕೊಂಡು, ಬೀದಿಯ ಸಮಕ್ಷಮದಲ್ಲಿ ಓದತೊಡಗಿದರು.

"'ಕೈ ಮೇಲೆತ್ತಿದಾಗ ಕಂಕುಳಲ್ಲಿ ಹಿಡಿಯಬಾರದು.' ಕೇಳಿದಿರಾ? 'ಈ ವರ್ಷ ಮತ್ತೆ ಎರಡು ಇಂಚು ಇಳಿದಿದ್ದಾಳೆ. ಮನಸ್ಸಿಗೆ ಸಂಕಟವಾಯಿತು.' ಮುಂದಿನ ವರ್ಷ, 'ಬಟ್ಟೆ ಏನೇನೂ ಸಾಲದು. ಚಳಿ ಹೇಗೆ ತಡೆಯುತ್ತಾಳೋ.' ಅದರ ಮುಂದಿನ ವರ್ಷ..." ಅವರು ಕನ್ನಡಕ ಒರೆಸಿಕೊಂಡರು. "ಸದರಿ ಮಹಿಳೆಯ ಸೊಂಟ ಹನ್ನೊಂದು ಇಂಚು!"

ಬೀದಿ ಒಮ್ಮೆಗೇ ಉಸಿರೆಳೆದುಕೊಂಡಿತು. ಒಬ್ಬರು ತಮ್ಮ ಕುತ್ತಿಗೆಯನ್ನು ಕೈಯಲ್ಲಿ ಸುತ್ತಿ ನೋಡಿಕೊಂಡು, "ನನ್ನ ಕತ್ತೇ ಹದಿನೈದು," ಎಂದರು.

"ಉಪವಾಸ ಕೆಡವಿದ್ದಾನೆ!" ಎಂದ ಇಸ್ತ್ರಿಯವನು. "ಎಲ್ಲೋ ಕೂಡಿಹಾಕಿ ವರ್ಷಕ್ಕೊಂದು ಸಲ ಹೋಗಿ ಅಳ್ಕೊಂಡು ಬರ್ತಾನೆ!"

ಇಷ್ಟು ಹೊತ್ತಿಗೆ ಪಾಳಿ ಮುಗಿಸಿ ಬಂದ ಹೆಂಡತಿ ಗುಂಪಿನ ಹಿಂದೆ ನಿಂತಿದ್ದಳು. ಯಾರೋ ಕರೆದ ಪೇದೆಯೂ ಸೈಕಲ್ಲು ಒರಗಿಸಿ ಬಂದ.

"ಏನ್ರೀ, ಎಲ್ಲಿರ್ತಾಳೆ ಈಕೆ?"

ಐವತ್ತೆರಡನೆಯ ವಯಸ್ಸಿನಲ್ಲಿ ಬೀದಿಯೆದುರು 'ನಾನು ಚಿತ್ರಕಥೆ ಓದುತ್ತೇನೆ' ಎನ್ನುವುದಕ್ಕಿಂತ ಜೈಲೇ ವಾಸಿ ಎಂದು ಯೂನಿಫಾರಂಗೆ ಅನಿಸಿತು. "ಒಂದ್ಕಡೆ ಅಂತ ಇರಲ್ಲ ಸಾರ್. ಹೆಚ್ಚಾಗಿ ಮೇಲೇ ಇರ್ತಾಳೆ."

ಎಲ್ಲರೂ ತಲೆಯೆತ್ತಿ ಅಂಗಡಿಯ ಅಟ್ಟ ನೋಡಿದರು. ಪೇದೆ ಏಣಿ ತರಿಸಿ ಹತ್ತಿದ. ಅಲ್ಲಿ ಹಳೆಯ ಹೊಲಿಗೆ ಯಂತ್ರದ ಚಕ್ರವನ್ನೂ ಒಂದು ಬೆಕ್ಕನ್ನೂ ಕಂಡು ಕೆಮ್ಮುತ್ತ ಇಳಿದ.

"ವಯಸ್ಸೆಷ್ಟು ಅವಳಿಗೆ?"

"ಇಪ್ಪತ್ನಾಲ್ಕು."

"ಮೂವತ್ತೊಂದು ವರ್ಷದಿಂದ ಅಳತೆ ತಗೀತಿದ್ದೀರಿ!"

"ಹೌದು ಸಾರ್. ಆವಾಗಿಂದ್ಲೂ ಇಪ್ಪತ್ನಾಲ್ಕೇ."

"ಹಿಂದೆ ಮುಂದೆ ಯಾರೂ ಇಲ್ವಾ?"

"ಒಬ್ಬ ಅಣ್ಣ ಇದ್ದ ಸಾರ್. ಹದಿನೆಂಟು ವರ್ಷದ ಹಿಂದೆ ಅವನನ್ನ ನಿಲ್ಲಿಸಿಬಿಟ್ರು."

"ನಿಲ್ಲಿಸಿಬಿಟ್ರಾ? ಯಾರು?"

"ಅಚ್ಚು ಹಾಕೋರು ಸಾರ್."

ಪೇದೆ ಬರೆಯುವುದನ್ನು ಬಿಟ್ಟು ಬೆರಳಚ್ಚುಗಾರರ ಮುಖ ನೋಡಿದ. ಅವರ ವೃತ್ತಿಜೀವನದಲ್ಲಿ ಇಂಥ ಸಾಕ್ಷಿ ಬಂದಿರಲಿಲ್ಲ. ಆಗಲೇ ಲ್ಯಾಬಿನ ಹುಡುಗಿ ಬಟ್ಟೆ ಕೊಡಲೆಂದು ಮತ್ತೆ ಬಂದವಳು ಗುಂಪು ಸೀಳಿಕೊಂಡು ನುಗ್ಗಿ, ವಿಷಯ ತಿಳಿದು, ಖಾಕಿ ಪೆಟ್ಟಿಗೆಯನ್ನು ತಳ ಮೇಲು ಮಾಡಿದಳು. ಬೀದಿಯ ಪಾದದ ಬಳಿ ಮೂವತ್ತೊಂದು ವರ್ಷದ ಸಿಡಿಲಕ್ಕ ಬಣ್ಣಬಣ್ಣವಾಗಿ ಸುರಿದಳು.

ಜನಕ್ಕೆ ಆದ ನಿರಾಸೆ ಹೇಳತೀರದು. "ಇಷ್ಟೇನಾ!" ಎಂದು ಒಬ್ಬೊಬ್ಬರೇ ಚದುರಿದರು. ಪೇದೆ ಬೆಟ್ಟ ಎತ್ತುವ ಸಂಚಿಕೆಯನ್ನು 'ತನಿಖೆಗೆ ಬೇಕು' ಎಂದು ಕಂಕುಳಲ್ಲಿಟ್ಟುಕೊಂಡು ಹೋದ. ಯೂನಿಫಾರಂ ನಗುತ್ತ ಹೆಂಡತಿಯ ಕಡೆ ತಿರುಗಿದ. ಅವಳು ನಗುತ್ತಿರಲಿಲ್ಲ. ಅಣ್ಣನ ಕೈಯಿಂದ ಪುಸ್ತಕ ತೆಗೆದುಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಬಸ್ಸಿನ ವೇಳಾಪಟ್ಟಿ ನೋಡುವಷ್ಟು ನಿಧಾನವಾಗಿ ನೋಡುತ್ತಿದ್ದಳು.

"ನೋಡಿದ್ಯಾ, ಬರೀ ಚಿತ್ರ ಕಣೆ," ಎಂದ.

"ಅದೇ ಕಷ್ಟ. ಮನುಷ್ಯಳಾಗಿದ್ರೆ ಹೋಗಿ ಜಗಳ ಆದ್ರೂ ಆಡಬಹುದಿತ್ತು."

"ಚಿತ್ರದ ಮೇಲೆ ಕೋಪಾನಾ?"

"ಚಿತ್ರಕ್ಕೆ ಚಳಿ ಆಗುತ್ತೆ ಅಂತ ಬರ್ದಿದ್ದೀರಿ." ಅವಳು ಪುಸ್ತಕ ಮುಚ್ಚಿದಳು. "ಇದ್ರಲ್ಲಿ ಕಾವಲುಗಾರರಿದ್ದಾರೆ, ನರ್ಸಮ್ಮ ಇದ್ದಾರೆ, ಹೆಡ್ಮಾಸ್ಟರ ಹೊಟ್ಟೆ ವರ್ಷವರ್ಷ ಬೆಳ್ದಿದ್ದಿದೆ. ನಾನು ಎಲ್ಲಿದ್ದೀನಿ ರೀ?"

ಅವಳು ತೊಟ್ಟಿದ್ದು ಬಸ್ ಕಂಪನಿಯ ಉಗ್ರಾಣದಿಂದ ಕೊಟ್ಟ ಕೋಟು. ಎಲ್ಲರಿಗೂ ಒಂದೇ ಗಾತ್ರ. ತೋಳನ್ನು ಎರಡು ಮಡಿಕೆ ಮಡಿಚಿದ್ದಳು. ಆ ಮಡಿಕೆಗಳನ್ನು ಅವನ ಕಣ್ಣ ಮುಂದೆ ಹಿಡಿದು, "ಇಪ್ಪತ್ತಾರು ವರ್ಷದಿಂದ ಮಡಿಚ್ಕೊಂಡಿದ್ದೀನಿ. ದರ್ಜಿ ಹೆಂಡ್ತಿ ನಾನು," ಎಂದು ಹೇಳಿ, ಅಣ್ಣನ ಜೊತೆ ಐದೂ ಹತ್ತರ ಬಸ್ಸು ಹತ್ತಿ ಹೊರಟುಹೋದಳು.

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಯೂನಿಫಾರಂ ಶಾಲೆಯಲ್ಲಿ ಹತ್ತು ಸಲ ಬರೆದಿದ್ದ. ಈಗ ಅದರ ಬುಡದಲ್ಲಿ ಕೂತುಕೊಂಡ.

ಅವಳು ಅಣ್ಣನ ಮನೆಯಿಂದಲೇ ಕೆಲಸಕ್ಕೆ ಬಂದು ಹೋಗತೊಡಗಿದಳು. ಮನೆಯಲ್ಲಿ ಎರಡು ಟವೆಲಿನಲ್ಲಿ ಒಂದು ಸದಾ ಒಣಗಿಯೇ ಇರುತ್ತಿತ್ತು. ಅವನು ಅನ್ನ ಬೇಯಿಸಿದ, ಇಬ್ಬರಿಗಾಗುವಷ್ಟು ಬೇಯಿಸಿದ, ಒಬ್ಬನೇ ತಿನ್ನಲಾರದೆ ಬಿಟ್ಟ. ಅಂಗಡಿಯಲ್ಲಿ ಕೂತರೆ ಗಾಳಿಯಲ್ಲಿ ಅವಳ ದನಿ ಬರುತ್ತಿತ್ತು. ಮೊದಲೂ ಬರುತ್ತಿತ್ತು, ಆದರೆ ಸಂಜೆ ಆ ದನಿಯ ಹಿಂದೆ ಅವಳೂ ಬರುತ್ತಿದ್ದಳು. ಈಗ ಅವನು ಯಂತ್ರ ನಿಲ್ಲಿಸಿ, ಹಲಗೆಗೆ ಒರಗಿ, ತಾನೆಂದೂ ಹೋಗದ ಊರುಗಳ ಹೆಸರನ್ನು ಅವಳ ಬಾಯಲ್ಲಿ ಕೇಳುತ್ತ ಕೂರುತ್ತಿದ್ದ. ಅವನಿಗೆ ಅವಳು ಬೇಕಾಗಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಕೆಲಸ ಕೆಟ್ಟಿತು. "ಇದಕ್ಕೆ ಎರಡೂ ಎಡಗೈ ಇಟ್ಟಿದ್ದೀರಲ್ಲ!" ಎಂದು ಮುಖ್ಯೋಪಾಧ್ಯಾಯರು ಒಂದು ಅಂಗಿ ಹಿಡಿದು ಬಂದರು. "ಹೂಂ," ಎಂದ ಯೂನಿಫಾರಂ, ಅತ್ತ ಮೂರೂವರೆಯ ಬಸ್ಸಿನ ಪ್ರಕಟಣೆಗೆ. ಇಸ್ತ್ರಿಯವನು ಪಶ್ಚಾತ್ತಾಪದಿಂದ ಅವನ ಅಂಗಿಗಳನ್ನೆಲ್ಲ ಎಳೆದುಕೊಂಡು ಹೋಗಿ ದಿನಕ್ಕೆರಡು ಸಲ ಇಸ್ತ್ರಿ ಮಾಡಿದ. ಇಷ್ಟು ಗರಿಗರಿಯಾದ ವಿರಹಿಯನ್ನು ಬೀದಿ ಹಿಂದೆಂದೂ ಕಂಡಿರಲಿಲ್ಲ.

ಭಾನುವಾರ ಬಂತು. ಲ್ಯಾಬಿನ ಹುಡುಗಿಯ ವೇಷ ಹೇಗೋ ಸರಿಯಾಗಿ ಮುಗಿದಿತ್ತು. ಯೂನಿಫಾರಂ ನಾಲ್ಕು ಹಾಳೆಯ ಭಾಷಣವನ್ನು ಜೇಬಿನಲ್ಲಿಟ್ಟುಕೊಂಡು ಸಭಾಂಗಣದ ಕಡೆ ಹೊರಟ. ದಾರಿ ಬಸ್ ನಿಲ್ದಾಣದ ಮುಂದೆಯೇ ಹಾಯುತ್ತಿತ್ತು. "ಪ್ರಯಾಣಿಕರ ಗಮನಕ್ಕೆ," ಎಂದಿತು ಧ್ವನಿವರ್ಧಕ. ಆಮೇಲೆ ಒಂದು ಕೆಮ್ಮು. ಆಮೇಲೆ ಇನ್ನೊಂದು. ಇಪ್ಪತ್ತಾರು ವರ್ಷ ಅವಳ ಪ್ರಕಟಣೆ ಕೇಳಿದ್ದ, ಅವಳು ಕೆಮ್ಮಿದ್ದನ್ನು ಕೇಳಿರಲಿಲ್ಲ. ಅವನ ಕಾಲು ತಾನಾಗಿ ಒಳಗೆ ತಿರುಗಿತು.

ವಿಚಾರಣೆ ಕಿಟಕಿಯ ಮುಂದೆ ಒಂಬತ್ತು ಜನರ ಸಾಲು. ಅವನು ಹತ್ತನೆಯವನಾಗಿ ನಿಂತ.

"ಯಾವೂರಿಗೆ?" ಎಂದಳು, ತಲೆಯೆತ್ತದೆ.

"ನಾನು ಕಣೆ."

ಅವಳು ತಲೆಯೆತ್ತಿದಳು. "ಇಲ್ಲಿ ಬಸ್ಸಿನ ವಿಚಾರಣೆ ಮಾತ್ರ. ಮುಂದಿನವರು."

ಅವನು ಮತ್ತೆ ಸಾಲಿನ ಬಾಲಕ್ಕೆ ಹೋದ. ಈ ಸಲ ನಿಯಮಕ್ಕೆ ತಕ್ಕ ಪ್ರಶ್ನೆ ತಯಾರಿಸಿಕೊಂಡ. "ನಮ್ಮನೆಗೆ ಹೋಗೋ ಬಸ್ಸು ಎಷ್ಟೊತ್ತಿಗೆ?"

"ಅಲ್ಲಿಗೆ ಬಸ್ಸಿಲ್ಲ. ಮುಂದಿನವರು."

ಮೂರನೆಯ ಸಲ ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ಮುಖ್ಯ ಭಾಷಣಕಾರನನ್ನು ಹುಡುಕುತ್ತ ಅಭಿಮಾನಿಗಳ ಬಳಗವೇ ನಿಲ್ದಾಣಕ್ಕೆ ಬಂದಿತ್ತು. ಸಾಲು ತಪ್ಪಿಸಬೇಡಿ ಎಂದು ಯಾರೋ ಗದರಿದ್ದಕ್ಕೆ ಅವರೂ ಅವನ ಹಿಂದೆ ಸಾಲಾಗಿ ನಿಂತರು. ಮೊದಲು ಉದ್ದ ಲಂಗದಲ್ಲಿ, ಗಂಡಸಿನ ಕೋಟು ಹಿಡಿದ ಲ್ಯಾಬಿನ ಹುಡುಗಿ. ಅವಳ ಹಿಂದೆ ಮೊಣಕಾಲಿನವರೆಗಿನ ಸಿಡಿಲಕ್ಕ. ಅದರ ಹಿಂದೆ ಎರಡು ಕರವಸ್ತ್ರದ ವರ್ಷದ ಸಿಡಿಲಕ್ಕ, ಮೇಲೊಂದು ಕಂಬಳಿ ಹೊದ್ದು ನಡುಗುತ್ತಿದ್ದಳು. ಕೊನೆಯಲ್ಲಿ ಬೂಟು, ಪ್ಯಾಂಟು, ಜೇಬಿನಲ್ಲಿ ಕೈ. "ಇವ್ರೆಲ್ಲ ಹಾರೋರಂತೆ, ಬಸ್ಸಿಗ್ಯಾಕೆ ಬಂದಿದ್ದಾರೆ?" ಎಂದು ಒಬ್ಬ ನಿರ್ವಾಹಕ ಇನ್ನೊಬ್ಬನನ್ನು ಕೇಳಿದ.

ಯೂನಿಫಾರಂ ಕಿಟಕಿಯ ಕಂಬಿ ಹಿಡಿದ. ಒಳಗೆ ಅವಳು ಮುಂದಿನ ಬಸ್ಸು ಕೂಗಲು ಮೈಕಿನ ಗುಂಡಿ ಒತ್ತಿದ್ದಳು.

"ಪುಸ್ತಕದಲ್ಲಿ ನಾನಿಲ್ಲ ಅಂದ್ಯಲ್ಲ. ಬರೆದಿಟ್ಕೊಳ್ಳೋದು ಮರ್ತುಹೋಗೋ ಅಳತೇನ ಕಣೆ. ನಿಂದು ನಂಗೆ ಬಾಯಿಪಾಠ!"

ಅವಳ ಬೆರಳು ಗುಂಡಿಯ ಮೇಲೇ ನಿಂತಿತು. "ಹೌದಾ? ಹೇಳಿ ನೋಡೋಣ."

"ಎತ್ತರ ಐದಡಿ ಎರಡಿಂಚು! ಭುಜ ಹದಿನಾಲ್ಕು! ತೋಳು ಹತ್ತೊಂಬತ್ತು! ಸೊಂಟ ಇಪ್ಪತ್ತಾರು!"

ನಿಲ್ದಾಣದ ನಾಲ್ಕು ಮೂಲೆಯ ಧ್ವನಿವರ್ಧಕಗಳೂ ಇದನ್ನು ಚಾಚೂ ತಪ್ಪದೆ ಸಾರಿದವು. ಹೊರಡುತ್ತಿದ್ದ ಬಸ್ಸು ನಿಂತಿತು. ಬೆಂಚಿನ ಮೇಲಿದ್ದ ಒಬ್ಬ ಅಜ್ಜಿ, "ಯಾವ ಬಸ್ಸಮ್ಮ ಅದು, ಇಷ್ಟೊಂದು ನಂಬರು?" ಎಂದು ಗಂಟು ಎತ್ತಿಕೊಂಡಳು.

ಅವಳು ಮೈಕು ಆರಿಸಿದಳು. ಮುಖ ಕೆಂಪಾಗಿತ್ತು. ಆದರೆ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಅದು ಮದುವೆ ವರ್ಷದ್ದು," ಎಂದಳು. "ಆಗ ನಂಗೆ ಇಪ್ಪತ್ನಾಲ್ಕು. ಆಮೇಲೆ ನೋಡ್ಲೇ ಇಲ್ವಾ ನನ್ನ?"

ಮೂವತ್ತೊಂದು ವರ್ಷ ಒಂದು ಚಿತ್ರ ಒಂದೊಂದು ಇಂಚು ಕರಗಿದ್ದನ್ನೂ ಬೆಳೆದದ್ದನ್ನೂ ಬರೆದಿಟ್ಟವನು ತಲೆ ತಗ್ಗಿಸಿದ. ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಪಕ್ಕದ ಬಾಗಿಲು ತೆರೆದ ಸದ್ದಾಯಿತು. ಅವಳು ಹೊರಗೆ ಬಂದು, ಕೋಟು ಬಿಚ್ಚಿ, ಯಾರ ಕೈಗೆ ಕೊಡಲಿ ಎಂದು ನೋಡಿದಳು. ಲ್ಯಾಬಿನ ಹುಡುಗಿ ಕೈ ಚಾಚಿದಳು. ಆ ದಿನದ ಮಟ್ಟಿಗೆ ಅದೇ ಅವಳ ಉದ್ಯೋಗವಾಗಿತ್ತು.

"ಅಳೀರಿ," ಎಂದಳು ಹೆಂಡತಿ.

ಅವನು ಅಳೆದ. ಭುಜಕ್ಕೆ ಟೇಪು ಹಿಡಿದವನು ನಿಂತುಬಿಟ್ಟ. ಮತ್ತೊಮ್ಮೆ ಹಿಡಿದ. "ಎಡ ಭುಜ ಅರ್ಧ ಇಂಚು ಇಳಿದಿದೆ."

"ಮೈಕು ಆ ಕಡೆ ಇದೆ. ಬಾಗಿ ಬಾಗಿ ಹಾಗಾಯ್ತು."

"ಯಾವಾಗಿಂದ?"

"ಹತ್ತು ಹನ್ನೆರಡು ವರ್ಷ ಆಯ್ತು. ನೋಯುತ್ತೆ ಒಂದೊಂದು ದಿನ."

"ನಂಗೆ ಹೇಳ್ಲೇ ಇಲ್ಲ."

"ನೀವು ಕೇಳ್ಲಿಲ್ಲ."

ಅವನು ಭಾಷಣದ ಹಾಳೆ ತೆಗೆದು ಅದರ ಬೆನ್ನಿನ ಮೇಲೆ ಬರೆದುಕೊಂಡ. ಸೊಂಟ ಅಳೆದು ಮೆಲ್ಲಗೆ, "ಮೂವತ್ನಾಲ್ಕು," ಎಂದ.

"ಜೋರಾಗಿ ಹೇಳಿ. ಇಪ್ಪತ್ತಾರನ್ನ ಊರಿಗೆಲ್ಲ ಸಾರಿದ್ರಲ್ಲ."

"ಮೂವತ್ನಾಲ್ಕು!" ಎಂದು ಯೂನಿಫಾರಂ ಕೂಗಿದ. ಕಂಬಳಿ ಹೊದ್ದ ಸಿಡಿಲಕ್ಕ ಮೂಗೊರೆಸಿಕೊಂಡಳು.

ಹೆಂಡತಿ ಒಳಗೆ ಹೋಗಿ, ಐದೂ ಹತ್ತರ ಬಸ್ಸು ಎರಡನೇ ಪ್ಲಾಟ್‌ಫಾರಂನಲ್ಲಿ ನಿಂತಿದೆ ಎಂದು ತಾನೇ ಕೂಗಿ, ಪಾಳಿ ಮುಗಿಸಿ ಹೊರಬಂದಳು. ಅವನು ಪಕ್ಕದಲ್ಲೇ ನಡೆದ. ಅವಳು ಅಣ್ಣನ ಊರಿನ ಬಸ್ಸು ಹತ್ತಿ ಕಿಟಕಿಯ ಬಳಿ ಕೂತಳು. ಬೇಡ ಎನ್ನಲು ಅವನಿಗೆ ಧೈರ್ಯ ಸಾಲಲಿಲ್ಲ.

"ಹೊಸ ಕೋಟು ಕತ್ತರಿಸ್ತೀನಿ. ಇವತ್ತೇ ಕತ್ತರಿಸ್ತೀನಿ," ಎಂದ, ಬಸ್ಸಿನ ಜೊತೆ ಹೆಜ್ಜೆ ಹಾಕುತ್ತ. "ಹಾಕ್ಕೊಂಡು ನೋಡೋಕೆ ಯಾವಾಗ ಬರ್ತೀಯಾ?"

"ಬುಧವಾರ ನೋಡೋಣ," ಎಂದಳು.

ಬಸ್ಸು ತಿರುವಿನಲ್ಲಿ ಮರೆಯಾಯಿತು. ಮೂವತ್ತು ವರ್ಷ ಕಂಡಕಂಡ ಗಿರಾಕಿಗಳಿಗೆಲ್ಲ 'ಬುಧವಾರ ಬನ್ನಿ' ಎಂದು ಹೇಳಿ ಕಳಿಸಿದ್ದ ಯೂನಿಫಾರಂಗೆ, ಭಾನುವಾರದಿಂದ ಬುಧವಾರ ಎಷ್ಟು ದೂರ ಎಂಬುದು ಅಂದು ಮೊದಲ ಸಲ ಗೊತ್ತಾಯಿತು.